ಗೂಟಕ್ಕೆ ಹಾಕಿ ಹೋದ ಚರ್ಮದ ಜಾಕೆಟ್ಟು

ಆಗ ನನಗೆ ಅರವತ್ತೊಂದು. ಇದು ನಡೆದು ಈಗ ಆರು ವರ್ಷವಾಯಿತು.

ಮುಂಗಾರು ಇನ್ನೂ ಹಿಡಿದಿರಲಿಲ್ಲ. ಮಟಮಟ ಮಧ್ಯಾಹ್ನ ಅಳಿಯನ ಗಾಡಿ ಬಂದು ನಮ್ಮ ಅಂಗಳದಲ್ಲಿ ನಿಂತಿತು. ಹಿಂದೆ ನನ್ನ ಮಗಳು ಕೂತಿದ್ದಳು, ತೊಡೆಯ ಮೇಲೆ ಒಂದು ಬ್ಯಾಗು. ಎಡಗೈಯಲ್ಲಿ ಗಾಡಿ ಹಿಡಿದು ಇಳಿದಳು. ಬಲಗೈ ವೇಲಿನ ಒಳಗಿತ್ತು. ಹಬ್ಬವಿಲ್ಲ, ಮದುವೆಯಿಲ್ಲ, ಬರುತ್ತೇನೆಂದು ಒಂದು ಫೋನೂ ಇಲ್ಲ. ಏನಾಗಿದೆ ಎಂದು ಕೇಳುವ ಕೆಲಸವೇ ಇರಲಿಲ್ಲ. ಹಿಂದೆ ಎರಡು ಸಲ ಬಂದಾಗಲೂ ಮೈಮೇಲೆ ಗುರುತು ಇಟ್ಟುಕೊಂಡೇ ಬಂದಿದ್ದಳು. ಒಂದು ಸಲ ಬಚ್ಚಲಲ್ಲಿ ಜಾರಿದೆ ಎಂದಳು, ಇನ್ನೊಂದು ಸಲ ಬಾಗಿಲು ಬಡಿಯಿತು ಎಂದಳು. ಈ ಸಲ ಏನೂ ಹೇಳಲಿಲ್ಲ.

ಅಳಿಯ ವೇಮಗಲ್ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಮೈಮೇಲೆ ಚರ್ಮದ ಜಾಕೆಟ್ಟು. ಕಪ್ಪು ಬಣ್ಣ, ಎದೆಗೆ ದಪ್ಪ ಜಿಪ್ಪು, ಜೇಬಿಗೆಲ್ಲ ಸಣ್ಣ ಜಿಪ್ಪು. ಬೆಂಗಳೂರಿನಲ್ಲಿ ಕೊಂಡದ್ದು, ಅಸಲಿ ಕುರಿ ಚರ್ಮ ಎಂದು ಮದುವೆಯಾದ ಹೊಸತರಲ್ಲಿ ಊರಿಗೆಲ್ಲ ಮುಟ್ಟಿಸಿ ತೋರಿಸಿದ್ದ. ಕೋಳಿ ಕೂಡ ನೆರಳು ಬಿಟ್ಟು ಬಾರದ ಬಿಸಿಲಿನಲ್ಲಿ ಇವನು ಚರ್ಮ ಹೊದ್ದು ಬಂದಿದ್ದ.

ಚಪ್ಪಲಿ ಬಿಟ್ಟು ಒಳಗೆ ಬಂದ. ನೀರು ಕುಡಿದ. ಜಾಕೆಟ್ಟು ಬಿಚ್ಚಿದ.

"ಅತ್ತೆ, ಸ್ವಲ್ಪ ದಿನ ಇಲ್ಲೇ ಇರ್ಲಿ. ಬುದ್ಧಿ ಹೇಳಿ," ಅಂದ.

"ಯಾರಿಗೆ?" ಅಂದೆ.

ಅವನು ನಕ್ಕ. ನಾನು ನಗಲಿಲ್ಲ. ಜಾಕೆಟ್ಟನ್ನು ನಡುಮನೆಯ ಗೂಟಕ್ಕೆ ಸಿಕ್ಕಿಸಿ, ಬರೀ ಶರ್ಟಿನಲ್ಲಿ ಗಾಡಿ ಹತ್ತಿ ಹೊರಟುಹೋದ.

ಗೂಟಕ್ಕೆ ಹಾಕಿದ್ದರ ವಿಷಯ ಹೇಳಬೇಕು. ನಮ್ಮವರಲ್ಲಿ ಒಂದು ರೂಢಿ ಇದೆ. ಗಂಡ ಹೆಂಡತಿಗೆ ಮನಸ್ತಾಪವಾಗಿ ಅವಳನ್ನು ತವರಿಗೆ ಬಿಡಲು ಬಂದವನು ತನ್ನ ಹೆಗಲ ಟವಲ್ಲನ್ನು ಆ ಮನೆಯ ಗೂಟಕ್ಕೆ ಹಾಕಿ ಹೋದರೆ, ಮತ್ತೆ ಕರೆದುಕೊಂಡು ಹೋಗುತ್ತೇನೆ ಎಂದು ಅರ್ಥ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ ಎಸೆದು ಜಾಗ ಹಿಡಿಯುತ್ತಾರಲ್ಲ, ಹಾಗೆ. ಬಂದ ದಿನ ಅವನೇ ಒಳಗೆ ಬಂದು, ಅವನ ಕೈಯಿಂದಲೇ ಬಟ್ಟೆ ತೆಗೆದುಕೊಳ್ಳಬೇಕು. ಆಗ ಹೆಂಡತಿ ಜೊತೆಯಲ್ಲಿ ಹೊರಡುತ್ತಾಳೆ. ಹಾಗಲ್ಲದೆ ಆ ಬಟ್ಟೆಯನ್ನು ಹೆಂಡತಿ ತನ್ನ ಕೈಯಾರೆ ಹೊಸಲು ದಾಟಿಸಿ ಕೊಟ್ಟಳೋ, ಮುಗಿಯಿತು. ಆಮೇಲೆ ಅವಳನ್ನು ಬಾ ಎನ್ನುವ ಹಕ್ಕು ಅವನಿಗಿಲ್ಲ. ನನ್ನ ದೊಡ್ಡಮ್ಮನ ಮಗಳು ಹೀಗೇ ಕೊಟ್ಟು ಕಳಿಸಿದ್ದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಕೋರ್ಟು ಕಚೇರಿಗೆ ಇದು ಲೆಕ್ಕವಿಲ್ಲ. ನಮ್ಮ ಊರುಗಳಲ್ಲಿ ಇದೇ ಲೆಕ್ಕ.

ಅವನು ಅದನ್ನೆಲ್ಲ ನೆನೆದು ಹಾಕಿದನೋ, ಸೆಕೆಗೆ ಬಿಚ್ಚಿ ಮರೆತನೋ ನನಗೆ ಗೊತ್ತಾಗಲಿಲ್ಲ. ಆದರೆ ಅವನಿಗೆ ತಾಯಿಯಿಲ್ಲ, ಹಿರಿಯಳೆಂದರೆ ಮಾಲೂರಿನಲ್ಲಿರುವ ಅಕ್ಕ. ಎರಡು ದಿನ ಬಿಟ್ಟು ಅವಳ ಫೋನು ಬಂತು.

"ಏನಮ್ಮಾ, ನಮ್ಮ ಹುಡುಗ ಬಟ್ಟೆ ಬಿಟ್ಟು ಬಂದಿದಾನೆ. ಸಾಮಾನ್ಯದ್ದಲ್ಲ, ಚರ್ಮದ್ದು. ಜೋಪಾನ ಮಾಡಿ. ಅದು ಹಾಳಾದ್ರೆ ಏನರ್ಥ ಅಂತ ನಿಮಗೆ ಹೇಳ್ಬೇಕಾಗಿಲ್ಲ."

"ನಮ್ಮ ಹುಡುಗಿ ಕೈ ಊದಿದೆ ಕಣಮ್ಮ. ಅದಕ್ಕೇನರ್ಥ?" ಅಂದೆ.

ಸಿಗ್ನಲ್ ಇಲ್ಲ ಎಂದು ಇಟ್ಟುಬಿಟ್ಟಳು.

ಹೀಗೆ ಅದು ನಮ್ಮ ಮನೆಯಲ್ಲಿ ಕೂತಿತು. ಮಗಳು ಹಿಂದಕ್ಕೆ ಹೋಗಬಾರದು ಎಂದು ನನಗಿತ್ತು. ಹೋಗಬೇಕು ಎಂದು ಅವಳಿಗಿತ್ತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತವಳು ಗೂಟದ ಕಡೆಗೇ ನೋಡುತ್ತಿದ್ದಳು.

ನಮ್ಮದು ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಹೋಗುವ ಕಡೆ ಒಳಗಿನ ಊರು. ನನ್ನ ಗಂಡ ಸತ್ತ ಮೇಲೆ ನಾನೇ ಹಿಪ್ಪುನೇರಳೆ ಸೊಪ್ಪು ಬೆಳೆದು ರೇಷ್ಮೆ ಹುಳು ಮೇಯಿಸುತ್ತಿದ್ದೆ. ಮನೆ ಎಂದರೆ ಮುಂದೆ ಜಗಲಿ, ಆಮೇಲೆ ನಡುಮನೆ, ಅದರ ಪಕ್ಕಕ್ಕೆ ಹುಳುವಿನ ಕೋಣೆ. ನಡುವೆ ಬಾಗಿಲಿಲ್ಲ, ಗೋಣಿಪರದೆ ಅಷ್ಟೆ. ಹುಳು ಇರುವ ಮನೆಯಲ್ಲಿ ಊದುಬತ್ತಿ ಹಚ್ಚುವ ಹಾಗಿಲ್ಲ, ಸೊಳ್ಳೆಬತ್ತಿ ಹಚ್ಚುವ ಹಾಗಿಲ್ಲ, ಹೊಗೆಸೊಪ್ಪು ತಿಂದ ಕೈಯಲ್ಲಿ ಸೊಪ್ಪು ಹಾಕುವ ಹಾಗಿಲ್ಲ. ವಾಸನೆ ಬಡಿದರೆ ಹುಳು ಉಳಿಯುವುದಿಲ್ಲ. ಇದು ನನ್ನ ಮಗಳಿಗೆ ನಡೆಯಲು ಬರುವ ಮೊದಲೇ ಗೊತ್ತಿದ್ದ ಸಂಗತಿ.

ಪಕ್ಕದ ಮನೆಯವಳು ಒಬ್ಬಳಿದ್ದಾಳೆ, ನನಗಿಂತ ಚಿಕ್ಕವಳು, ಟೊಮೇಟೊ ಬೆಳೆಯುವವಳು. ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಾಳೆ. ಮೊದಲ ದಿನವೇ ಬಂದು ಗೂಟ ನೋಡಿದಳು.

"ಅಯ್ಯೋ ಅಕ್ಕಾ, ಚೆಪ್ಪಲು ಬಾಗಿಲಾಚೆ ಬಿಡಿಸ್ತೀಯ. ಇದನ್ನ ದೇವರ ಗೂಡಿನ ಪಕ್ಕ ಇಟ್ಕೊಂಡಿದೀಯಲ್ಲ, ಇದೂ ಚರ್ಮಾನೇ ಕದಾ?"

"ದೇವರನ್ನೇ ಆ ಕಡೆ ಸರಿಸಿದೀನಿ. ಅಳಿಯನ್ನ ಸರಿಸೋಕಾಗುತ್ತಾ?" ಅಂದೆ.

ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗಳು ಎದ್ದು ಒಳಗೆ ಹೋದಳು.

ಮಳೆ ಶುರುವಾಯಿತು. ಗೂಟದ ಮೇಲೆ ಧೂಳು ಕೂರುತ್ತದೆ, ಹಲ್ಲಿ ಗಲೀಜು ಮಾಡುತ್ತದೆ ಎಂದು ಮಗಳು ಹೇಳಿದಳು. ಅವಳ ಕೈ ಇನ್ನೂ ಪಟ್ಟಿಯಲ್ಲಿತ್ತು, ಆದ್ದರಿಂದ ನಾನೇ ಅದನ್ನು ಇಳಿಸಿ, ಸೀರೆ ಮಡಚುವ ಹಾಗೆ ನಾಲ್ಕಾಗಿ ಮಡಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ ಬೀರುವಿನ ತಳದಲ್ಲಿಟ್ಟೆ. ರೇಷ್ಮೆ ಸೀರೆಯನ್ನು ಕೂಡ ಅಷ್ಟು ಜೋಪಾನವಾಗಿ ಇಟ್ಟವಳಲ್ಲ. ಬೀರು ಇರುವುದು ಹುಳುವಿನ ಕೋಣೆಯ ಗೋಡೆಗೆ. ಅಲ್ಲಿ ಸೊಪ್ಪಿನ ತೇವ ಯಾವಾಗಲೂ ಇರುತ್ತದೆ.

ಶ್ರಾವಣದಲ್ಲಿ ಪಟ್ಟಿ ಬಿಚ್ಚಿದರು. ಬಿಚ್ಚಿಸಿಕೊಂಡು ಬಂದವಳು ಮೊದಲು ಮಾಡಿದ ಕೆಲಸ ಬೀರು ತೆಗೆದದ್ದು. ಕವರು ಬಿಚ್ಚಿ ಕಿರುಚಿದಳು. ಹಾವೇ ಬಂತೇನೋ ಎಂದು ನಾನು ಕೋಲು ಹಿಡಿದು ಹೋದೆ. ನೋಡಿದರೆ ಜಾಕೆಟ್ಟಿನ ತುಂಬ ಬೂಷ್ಟು. ಹಳಸಿದ ಮುದ್ದೆಯ ಮೇಲೆ ಬರುತ್ತದಲ್ಲ, ಬಿಳಿಹಸಿರು, ಹಾಗೆ. ಬೆನ್ನಿನ ಮೇಲೆ ಮಡಚಿದ ಕಡೆ ಅಡ್ಡಕ್ಕೆ ಒಂದು ಗೆರೆ ಬಿದ್ದಿತ್ತು.

"ಪ್ಲಾಸ್ಟಿಕ್‌ನಲ್ಲಿ ಯಾಕಮ್ಮ ಕಟ್ಟಿದೆ? ಉಸಿರಾಡ್ಬೇಕು ಅದು!"

"ಚರ್ಮ ಉಸಿರಾಡುತ್ತಾ? ಕುರಿ ಸತ್ತು ಎಷ್ಟು ವರ್ಷ ಆಯ್ತೋ."

ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ಕೈ ಮುರಿಸಿಕೊಂಡು ಬಂದ ದಿನ ಅಳದವಳು ಬೂಷ್ಟು ನೋಡಿ ಅತ್ತಳು. ನನಗೆ ಮೈ ಉರಿಯಿತು.

ನಮ್ಮಪ್ಪನ ಕಾಲದಲ್ಲಿ ಬಾವಿಯಿಂದ ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದರು. ನೀರು ತುಂಬುವ ಚೀಲ ಚರ್ಮದ್ದು. ಬಿರುಕು ಬಿಡದಿರಲೆಂದು ಅದಕ್ಕೆ ಹರಳೆಣ್ಣೆ ಉಜ್ಜಿ ನೆರಳಿಗೆ ತೂಗುಹಾಕುತ್ತಿದ್ದರು. ನಾನು ಅದೇ ನೆನಪಿನಲ್ಲಿ ಹರಳೆಣ್ಣೆ ತಂದು ತೋಳಿನ ತುದಿಗೆ ಬೆರಳಿನಷ್ಟು ಉಜ್ಜಿದೆ. ಅಷ್ಟು ಜಾಗ ಇನ್ನೂ ಕಪ್ಪಾಗಿ, ಅಂಟಂಟಾಗಿ ಕೂತಿತು. ಮಗಳು ಎಣ್ಣೆಯ ಬಟ್ಟಲು ಕಿತ್ತುಕೊಂಡಳು.

"ಇದು ಬಾವಿಗಿಳಿಸೋ ಚೀಲ ಅಲ್ಲಮ್ಮಾ."

ಅಲ್ಲಿಂದ ಆ ಜಾಕೆಟ್ಟು ಅವಳದೇ ಕೆಲಸವಾಯಿತು. ಫೋನಿನಲ್ಲಿ ಯಾರೋ ಹೇಳಿಕೊಡುವುದನ್ನು ನೋಡಿದಳು. ಮೊದಲು ಒಣಬಟ್ಟೆಯಲ್ಲಿ ಬೂಷ್ಟು ಒರೆಸಿದಳು, ಮನೆಯೊಳಗಲ್ಲ, ದೂರ ಹೋಗಿ, ಗಾಳಿಯಲ್ಲಿ. ಆಮೇಲೆ ನೀರಿನಲ್ಲಿ ಹಿಂಡಿದ ಬಟ್ಟೆಯಲ್ಲಿ ಒಂದು ಸಲ. ಬಿಸಿಲಿಗೆ ಹಾಕೆಂದು ಪಕ್ಕದ ಮನೆಯವಳು ಹೇಳಿದರೆ ಬೇಡ, ಚರ್ಮ ಸೆಟೆದು ಬಿರಿಯುತ್ತೆ ಎಂದು ಜಗಲಿಯ ನೆರಳಿನಲ್ಲಿ ಆರಿಸಿದಳು. ತಂತಿ ಹ್ಯಾಂಗರಿಗೆ ಹಾಕಿದರೆ ಭುಜದಲ್ಲಿ ಮೊನೆ ಎದ್ದು ಕಾಣುತ್ತದಂತೆ. ಮರದ ಹ್ಯಾಂಗರು ತಂದು, ನನ್ನ ಹಳೇ ಸೀರೆ ಹರಿದು ಎರಡು ತುದಿಗೂ ಸುತ್ತಿ ಸುತ್ತಿ, ಗಂಡಸಿನ ಭುಜದಷ್ಟು ದಪ್ಪ ಮಾಡಿದಳು. ತೋಳಿನೊಳಗೆ ಹಳೇ ಪೇಪರು ಉಂಡೆ ಮಾಡಿ ತುಂಬಿದಳು. ಮೇಲೆ ಧೂಳು ಕೂರದಿರಲೆಂದು ನನ್ನ ಗಂಡನ ಹತ್ತಿ ಪಂಚೆ ಹೊದಿಸಿದಳು.

"ಅವರ ಪಂಚೆ ಯಾಕೆ ಅದಕ್ಕೆ?" ಅಂದೆ.

"ಪೆಟ್ಟಿಗೇಲಿ ಸುಮ್ನೆ ಇದೆ ತಾನೇ."

ನನ್ನ ಗಂಡ ಒಳ್ಳೆಯವನೆಂದು ನಾನು ಹೇಳುವುದಿಲ್ಲ. ಕುಡಿಯುತ್ತಿದ್ದ, ಸುಳ್ಳು ಹೇಳುತ್ತಿದ್ದ. ಆದರೆ ಕೈ ಎತ್ತಿದವನಲ್ಲ. ಅವನ ಪಂಚೆ ಇವನ ಜಾಕೆಟ್ಟಿಗೆ ಹೊದಿಕೆಯಾದದ್ದು ನನಗೆ ಸರಿಬರಲಿಲ್ಲ.

ಪಂಚೆ ಹೊದ್ದು, ಭುಜ ಉಬ್ಬಿಸಿಕೊಂಡು, ತೋಳು ತುಂಬಿಕೊಂಡು ಅದು ಗೂಟದಲ್ಲಿ ನಿಂತಿತು. ಸೊಪ್ಪಿನ ಹೊರೆ ಹೊತ್ತು ಬಿಸಿಲಿನಿಂದ ಒಳಗೆ ಬರುವಾಗ ಕಣ್ಣು ಕತ್ತಲೆ ಬರುತ್ತದಲ್ಲ, ಆಗ ಯಾರೋ ಗೋಡೆಗೆ ಮುಖ ಹಾಕಿ ನಿಂತ ಹಾಗೆ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಎದ್ದ ಮಗಳು ಮುಖ ತೊಳೆಯುವ ಮೊದಲು ಪಂಚೆ ಸರಿಸಿ ಅದನ್ನು ನೋಡುತ್ತಿದ್ದಳು. ವಾರಕ್ಕೊಮ್ಮೆ ಜಗಲಿಗೆ ತಂದು ಗಾಳಿಗೆ ಹಾಕುತ್ತಿದ್ದಳು. ಪೇಪರಿನ ಉಂಡೆ ತೆಗೆದು ಹೊಸದು ತುಂಬುತ್ತಿದ್ದಳು. ಅವನು ಒಂದು ಸಲವೂ ಫೋನು ಮಾಡಲಿಲ್ಲ. ಇವಳು ಮಾಡಿದರೆ ಕೆಲಸದಲ್ಲಿದ್ದೇನೆ ಎನ್ನುತ್ತಿದ್ದ.

"ಅವನು ಬರಲ್ಲ ಕಣೇ," ಅಂದೆ ಒಂದು ದಿನ, ಸೊಪ್ಪು ಕತ್ತರಿಸುವಾಗ.

"ಚಳಿ ಬಂದ್ರೆ ಬರ್ತಾರೆ. ನೈಟ್ ಶಿಫ್ಟಿಗೆ ಗಾಡೀಲಿ ಹೋಗಕ್ಕೆ ಬೇಕಲ್ಲ."

"ಜಾಕೆಟ್ಟು ಬೇಕು. ನೀನು?"

"ಅದು ಬೇಕು ಅಂತ ಬಂದ್ರೆ ನನ್ನನ್ನೂ ಕರ್ಕೊಂಡು ಹೋಗ್ಲೇಬೇಕು. ರೂಢಿ ಹಾಗಿದೆ ಅಂತ ನೀನೇ ಹೇಳಿದ್ದು."

"ಹೋಗಿ?"

ಅವಳು ಕತ್ತಿ ಕೆಳಗಿಟ್ಟಳು. "ಹೋಗದೆ? ನಿನ್ನ ಹಾಗೆ ಹುಳು ಮೇಯಿಸ್ಕೊಂಡು, ಸಂತೆಗೆ ಹೋದಾಗೆಲ್ಲ 'ಗಂಡ ಕರ್ಕೊಂಡು ಹೋಗ್ಲಿಲ್ವಾ' ಅಂತ ಕೇಳಿಸ್ಕೊಂಡು ಇರ್ಬೇಕಾ? ಮೊದಲನೇ ವರ್ಷ ಚೆನ್ನಾಗೇ ಇದ್ರು ಅಮ್ಮ. ಆವನಿ ಬೆಟ್ಟಕ್ಕೆ ಕರ್ಕೊಂಡು ಹೋಗಿದ್ರು. ಚಳಿ ಅಂತ ಆ ಜಾಕೆಟ್ಟು ಬಿಚ್ಚಿ ನನಗೇ ಹೊದಿಸಿದ್ರು."

ಒಂದು ದಿನ ಬಿಚ್ಚಿ ಹೊದಿಸಿದ್ದಕ್ಕೆ ಇವಳು ಇಷ್ಟೆಲ್ಲ ಮಾಡುತ್ತಿದ್ದಾಳೆ ಎಂದುಕೊಂಡೆ. ಅದನ್ನು ಕದ್ದು ಬಿಸಿಲಿಗೆ ಹಾಕಿಬಿಡೋಣ, ಬಿರಿದು ಹಾಳಾಗಲಿ ಎಂದು ಆಸೆಯೂ ಆಯಿತು. ಹಾಕಲಿಲ್ಲ. ಹಾಳಾದರೆ ಅವನ ಅಕ್ಕ ಊರೂರು ಹೇಳುತ್ತಾಳೆ, ಬಟ್ಟೆ ಉಳಿಸಿಕೊಳ್ಳಲಾರದವರು ಸಂಸಾರ ಉಳಿಸಿಕೊಳ್ಳುತ್ತಾರಾ ಎಂದು. ಆ ಮಾತು ನನ್ನ ಮಗಳ ತಲೆಗೇ ಬರುತ್ತದೆ.

ದೀಪಾವಳಿಯ ಹೊತ್ತಿಗೆ ಹುಳು ಚೆನ್ನಾಗಿ ಬಂದಿತ್ತು. ಮೂರನೇ ಜ್ವರ ಕಳೆದಿತ್ತು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರ ಬಿಟ್ಟೆದ್ದ ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆ ಬಂದ ಹಾಗಿರುತ್ತದೆ. ಒಂದು ದಿನ ಬೆಳಿಗ್ಗೆ ಪರದೆ ಎತ್ತಿದರೆ ಆ ಸದ್ದಿಲ್ಲ. ಹಿಂದಿನ ಸಂಜೆ ಹಾಕಿದ ಸೊಪ್ಪು ಹಾಕಿದ ಹಾಗೇ ಇದೆ. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿವೆ. ಕೆಲವು ಹಸಿರು ನೀರು ಕಾರಿಕೊಂಡಿದ್ದವು. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತಟ್ಟೆಯೇ ಮೆತ್ತಗಾಯಿತು.

ಔಷಧಿ ಬಿದ್ದ ಸೊಪ್ಪು ತಿಂದರೆ ಹೀಗಾಗುತ್ತದೆ. ನನಗೆ ತಟ್ಟನೆ ಹೊಳೆದದ್ದು ಪಕ್ಕದ ಟೊಮೇಟೊ. ಬೇಲಿ ಹತ್ತಿರ ನಿಂತು ಕೂಗಿದೆ.

"ಏನೇ, ಗಾಳಿ ನೋಡ್ದೆ ಔಷಧಿ ಹೊಡೆದ್ಯಾ? ನನ್ನ ಹುಳ ಎಲ್ಲ ಹೋಯ್ತಲ್ಲೇ!"

"ಅಯ್ಯೋ ದೇವುಡಾ! ಔಷಧಿ ಹೊಡೆದು ಹದಿನೈದು ದಿನ ಆಯ್ತು ಅಕ್ಕಾ. ನಿನ್ನ ಹುಳಕ್ಕೆ ಅಂತ ಗಾಳಿ ಆ ಕಡೆ ಇದ್ದಾಗಲೇ ಹೊಡಿಸ್ತೀನಿ ನಾನು. ಬಾಯಿಗೆ ಬಂದಂಗೆ ಅನ್ಬೇಡ."

ನಾನು ಬಾಯಿಗೆ ಬಂದ ಹಾಗೇ ಅಂದೆ. ಅವಳೂ ಅಂದಳು. ಊರಿನ ಅರ್ಧ ಜನ ಸೇರಿತು. ಆಗ ನನ್ನ ಮಗಳು ಹಿಂದಿನಿಂದ ಬಂದು ನನ್ನ ಮೊಣಕೈ ಹಿಡಿದಳು. ಇನ್ನೊಂದು ಕೈಯಲ್ಲಿ ಜಾಕೆಟ್ಟು.

"ಅಮ್ಮಾ, ಅವರಲ್ಲ. ಬಾ ಒಳಗೆ."

ಒಳಗೆ ಬಂದ ಮೇಲೆ ಜಾಕೆಟ್ಟಿನ ಜೇಬಿನ ಜಿಪ್ಪು ಎಳೆದಳು. ಘಾಟು ಮೂಗಿಗೆ ಹೊಡೆಯಿತು. ನುಸಿ ಗುಳಿಗೆ. ಎರಡು ಜೇಬಿನ ತುಂಬ ಬಿಳಿ ಗುಳಿಗೆ.

"ಕಾಲರ್ ಒಳಗಡೆ ಜಿರಳೆ ಕಚ್ಚಿತ್ತು ಅಮ್ಮ. ನಿನ್ನೆ ಸಂತೇಲಿ ತಂದೆ. ಜಿಪ್ಪು ಹಾಕಿದ್ರೆ ವಾಸನೆ ಹೊರಗೆ ಬರಲ್ಲ ಅನ್ಕೊಂಡೆ."

ಹುಳುವಿನ ಮನೆಯಲ್ಲಿ ಹುಟ್ಟಿದವಳು, ಪರದೆಯ ಆಚೆಗೆ ಸಾವಿರಾರು ಹುಳು ಇರುವಾಗ ನುಸಿ ಗುಳಿಗೆ ತಂದು ಇಟ್ಟಿದ್ದಳು. ಬೇರೆ ಯಾರಾದರೂ ಮಾಡಿದ್ದರೆ ತಿಳಿಯದೆ ಮಾಡಿದರು ಎನ್ನಬಹುದಿತ್ತು. ನನಗೆ ಹುಳು ಹೋದದ್ದಕ್ಕಿಂತ ಅವಳ ಬುದ್ಧಿ ಎಲ್ಲಿಗೆ ಹೋಗಿದೆ ಎಂದು ಭಯವಾಯಿತು.

"ಅವು ನಮಗೆ ಅನ್ನ ಹಾಕೋವು ಕಣೇ," ಅಂದೆ. "ಇದು ಏನ್ ಹಾಕುತ್ತೆ?"

ಅವಳು ಹಿತ್ತಲಲ್ಲಿ ತಾನೇ ಗುಂಡಿ ತೋಡಿದಳು. ಸರಿಯಾಗದ ಬಲಗೈಯಲ್ಲಿ ಗುದ್ದಲಿ ಹಿಡಿದು ಸಂಜೆಯವರೆಗೆ ತೋಡಿದಳು. ತಟ್ಟೆ ತಟ್ಟೆಯಾಗಿ ಹುಳು ಸುರಿದು, ಸುಣ್ಣ ಹಾಕಿ ಮುಚ್ಚಿದಳು. ಪಕ್ಕದ ಮನೆಯವಳು ಬೇಲಿ ಆಚೆಯಿಂದ ನೋಡಿ, ಬೈದದ್ದನ್ನೆಲ್ಲ ಬಿಟ್ಟು, ಒಂದು ಚೊಂಬು ಮಜ್ಜಿಗೆ ತಂದು ಗುಂಡಿಯ ಪಕ್ಕ ಇಟ್ಟು ಹೋದಳು.

ಆಮೇಲೂ ಜಾಕೆಟ್ಟನ್ನು ಒರೆಸುವುದನ್ನು ಮಗಳು ಬಿಡಲಿಲ್ಲ. ಆದರೆ ಬೆಳಿಗ್ಗೆ ಎದ್ದು ಅದರ ಮುಂದೆ ನಿಲ್ಲುವುದು ತಪ್ಪಿತು. ಒರೆಸುವಾಗ ಪಾತ್ರೆ ತೊಳೆಯುವವಳ ಹಾಗೆ ಒರೆಸುತ್ತಿದ್ದಳು. ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯಲಿಲ್ಲ. ಕೇಳಿದರೆ ಹೇಳುವವಳಲ್ಲ.

ಧನುರ್ಮಾಸ ಬಂತು. ನಮ್ಮ ಕಡೆ ಆ ತಿಂಗಳ ಚಳಿ ಎಂದರೆ ಸೊಪ್ಪು ಕೊಯ್ಯುವ ಬೆರಳು ಸೆಟೆಯುತ್ತದೆ. ಒಂದು ಶನಿವಾರ ಮಾಲೂರಿನ ಅಕ್ಕನ ಫೋನು.

"ನಾಳೆ ನಮ್ಮ ಹುಡುಗ ಬರ್ತಾನೆ. ರೆಡಿ ಇರ್ಲಿ."

"ಯಾವುದು ರೆಡಿ ಇರ್ಬೇಕು?" ಅಂದೆ.

"ಎರಡೂ ಅಮ್ಮಾ, ಎರಡೂ. ಏನ್ ಮಾತು ಅಂತ ಆಡ್ತೀರಿ!"

ಮಗಳು ಬ್ಯಾಗು ತುಂಬಿದಳು. ನನ್ನ ಮುಂದೆಯೇ ಒಂದೊಂದಾಗಿ ಬಟ್ಟೆ ಮಡಚಿ ಇಟ್ಟಳು. ಬ್ಯಾಗನ್ನು ಬಾಗಿಲ ಪಕ್ಕ ಇಟ್ಟು ಮಲಗಿದಳು. ನಾನು ಬೇಡ ಎನ್ನಲಿಲ್ಲ. ಆರು ತಿಂಗಳು ಬೇಡ ಎಂದು ಬಾಯಿ ಬತ್ತಿತ್ತು.

ಭಾನುವಾರ ಮಂಜು ಇನ್ನೂ ಕರಗಿರಲಿಲ್ಲ. ಅಂಗಳದಲ್ಲಿ ಹಾರನ್ ಕೇಳಿಸಿತು. ಅಳಿಯ ಗಾಡಿಯ ಮೇಲೇ ಕೂತಿದ್ದ, ಎಂಜಿನ್ನು ನಿಲ್ಲಿಸಿರಲಿಲ್ಲ. ತೆಳ್ಳನೆ ಸ್ವೆಟರು ಹಾಕಿ ನಡುಗುತ್ತಿದ್ದ. ಕಾಲಿಗೆ ಮೊಣಕಾಲ ಕೆಳಗಿನವರೆಗೆ ಲೇಸು ಕಟ್ಟಿದ ಶೂ. ಪಕ್ಕದ ಮನೆಯವಳು ಬೆಂಕಿಗೆ ಮೈ ಕಾಯಿಸಿಕೊಳ್ಳಲು ನಮ್ಮ ಜಗಲಿಗೆ ಬಂದಿದ್ದಳು, ಅವಳೂ ನಾನೂ ಎದ್ದು ನಿಂತೆವು.

"ಏನತ್ತೆ, ಚೆನ್ನಾಗಿದೀರಾ? ಜಾಕೆಟ್ಟು ಇದೆ ತಾನೇ? ಬೂಷ್ಟು ಗೀಷ್ಟು ಹಿಡಿದಿಲ್ಲ ತಾನೇ?"

"ಇದೆ," ಅಂದೆ. "ಅವಳೂ ಇದಾಳೆ."

"ಗೊತ್ತು ಗೊತ್ತು. ತಂದ್ಕೊಡೋಕೆ ಹೇಳಿ ಅವಳಿಗೆ. ಚಳಿ ಪ್ರಾಣ ಹೋಗ್ತಿದೆ."

ಪಕ್ಕದ ಮನೆಯವಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

"ಒಳಗೆ ಬಾಪ್ಪಾ, ಬಾಪ್ಪಾ. ಗೂಟದಾಗೆ ಐತೆ, ನೀನೇ ತಗೋ. ಕಾಫಿ ಕುಡ್ದು ಇಬ್ಬರೂ ಹೊರಡ್ರಿ."

"ಈ ಶೂ ಬಿಚ್ಚಿ ಮತ್ತೆ ಕಟ್ಟೋದು ಯಾರು? ಅರ್ಧ ಗಂಟೆ ಬೇಕು. ಏಯ್, ಎಲ್ಲಿದೀಯೇ? ತಗೊಂಬಾ ಇಲ್ಲಿ!"

ಮಗಳು ಜಾಕೆಟ್ಟು ಹಿಡಿದು ಹೊಸಲಿನ ಒಳಗೆ ನಿಂತಿದ್ದಳು. ಪಂಚೆ ತೆಗೆದಿದ್ದಳು. ಹ್ಯಾಂಗರಿನ ಸಮೇತ ಹಿಡಿದಿದ್ದಳು.

"ಒಳಗೆ ಬಂದು ತಗೊಳ್ಳಿ," ಅಂದಳು.

"ಏನ್ ನಾಟಕಾನೇ ಇದು? ಕೊಡು ಅಂದ್ರೆ ಕೊಡು."

"ನೀವೇ ಬಂದು ತಗೊಳ್ಳಿ ಅಂದೆ."

"ಬರ್ತೀಯಾ, ಇಲ್ಲ ನಾನೇ ಬರ್ಲಾ?" ಅಂದ. ಆ 'ಬರ್ಲಾ' ಶೂ ಬಿಚ್ಚಿ ಕಾಫಿಗೆ ಬರುವ ಬರ್ಲಾ ಅಲ್ಲ. ನನಗೆ ಗೊತ್ತಾಯಿತು. ಅವಳ ಬಲಗೈ ತಾನಾಗಿ ಹಿಂದಕ್ಕೆ ಹೋದದ್ದನ್ನು ನೋಡಿದೆ.

ಅವಳು ಹ್ಯಾಂಗರನ್ನು ಎಡಗೈಯಲ್ಲಿ ಬಿಗಿಹಿಡಿದಳು. ಆಮೇಲೆ ಹೊಸಲು ದಾಟಿದಳು. ಅಂಗಳಕ್ಕಿಳಿದು, ಗಾಡಿಯ ಹತ್ತಿರ ಹೋಗಿ, ಜಾಕೆಟ್ಟನ್ನು ಅವನ ಕೈಗೆ ಕೊಟ್ಟಳು. ಪಕ್ಕದ ಮನೆಯವಳು "ಅಮ್ಮೋ" ಎಂದು ಬಾಯಿಗೆ ಕೈ ಇಟ್ಟುಕೊಂಡಳು.

"ಪ್ಲಾಸ್ಟಿಕ್‌ನಲ್ಲಿ ಕಟ್ಬೇಡಿ, ಬೂಷ್ಟು ಹಿಡಿಯುತ್ತೆ," ಅಂದಳು ಮಗಳು. "ಮಡಚಬೇಡಿ. ಬಿಸಿಲಿಗೆ ಹಾಕ್ಬೇಡಿ. ನೆಂದು ಬಂದ್ರೆ ನೆರಳಲ್ಲಿ ಆರಿಸಿ, ಒಲೆ ಹತ್ರ ಅಲ್ಲ. ಈ ಹ್ಯಾಂಗರಿಗೇ ಹಾಕಿ, ಭುಜ ಕೆಡಲ್ಲ. ಹತ್ತಿ ಬಟ್ಟೆ ಹೊದಿಸಿ. ವಾರಕ್ಕೊಂದು ಸಲ ಗಾಳಿಗೆ ಹಾಕಿ."

ಅವನು ಅರ್ಧ ಕೇಳಿದ, ಅರ್ಧ ಕೇಳಲಿಲ್ಲ. ಜಾಕೆಟ್ಟನ್ನು ತಿರುಗಿಸಿ ಬೆನ್ನು ನೋಡಿದ. ಮೂಸಿದ.

"ಥೂ, ನುಸಿ ಗುಳಿಗೆ ವಾಸನೆ. ಇದೇನ್ ಗೆರೆ ಬೆನ್ನ ಮೇಲೆ? ಸರಿಯಾಗಿ ಇಡಕ್ಕೆ ಕೈಗೇನಾಗಿತ್ತು?"

"ನಿಮಗೆ ಗೊತ್ತಲ್ಲ ಏನಾಗಿತ್ತು ಅಂತ," ಅಂದಳು.

ಅವನು ಮುಖ ತಿರುಗಿಸಿದ. ಜಾಕೆಟ್ಟು ತೊಟ್ಟು, ಜಿಪ್ಪು ಎಳೆದು, ಗಾಡಿಯ ಕನ್ನಡಿ ಬಗ್ಗಿಸಿ ನೋಡಿಕೊಂಡ. ತೋಳಿನಿಂದ ಪೇಪರಿನ ಉಂಡೆ ಉದುರಿದವು. ಹ್ಯಾಂಗರನ್ನು "ಇದ್ಯಾಕೆ" ಎಂದು ಅಂಗಳಕ್ಕೆ ಎಸೆದ.

"ಸರಿ, ಬ್ಯಾಗ್ ತಗೊಂಬಾ. ಹೊತ್ತಾಯ್ತು."

"ಕೊಟ್ಟಾಯ್ತಲ್ಲ," ಅಂದಳು ಮಗಳು.

"ಏನು ಕೊಟ್ಟಾಯ್ತು?"

"ಹೊಸಲು ದಾಟಿಸಿ ಕೊಟ್ಟಳಲ್ಲಪ್ಪಾ," ಅಂದಳು ಪಕ್ಕದ ಮನೆಯವಳು, ಅಳುವ ದನಿಯಲ್ಲಿ. "ಒಳಗೆ ಬಾ ಅಂತ ಬಡ್ಕೊಂಡೆ ನಾನು."

ಅವನಿಗೆ ಆಗ ನೆನಪಾಯಿತು. ಮೊದಲು ನಕ್ಕ. "ಯಾವ ಕಾಲದಲ್ಲಿದೀರಿ ನೀವೆಲ್ಲ? ಟವಲ್ಲು, ಹೊಸಲು!"

"ನಿಮ್ಮಕ್ಕನ್ನ ಕೇಳಪ್ಪ," ಅಂದೆ ನಾನು. "ಬಟ್ಟೆ ಬಿಟ್ಟು ಬಂದಿದಾನೆ, ಜೋಪಾನ ಅಂದಿದ್ದು ಅವರೇ. ಜೋಪಾನ ಮಾಡಿ ಕೊಟ್ಟಿದೀವಿ."

ಅವನು ಗಾಡಿಯಿಂದ ಇಳಿಯುವವನ ಹಾಗೆ ಒಂದು ಕಾಲು ಎತ್ತಿದ. ಬೆಂಕಿಯ ಹತ್ತಿರ ಇದ್ದ ಕೊಳ್ಳಿಯನ್ನು ನಾನು ಎತ್ತಿಕೊಂಡೆ. ಏನು ಮಾಡಬೇಕೆಂದು ಎತ್ತಿಕೊಂಡೆನೋ ಗೊತ್ತಿಲ್ಲ. ಪಕ್ಕದ ಮನೆಯವಳು ತನ್ನ ಗಂಡನ ಹೆಸರು ಹಿಡಿದು ಕೂಗಿದಳು. ಅಳಿಯ ಮತ್ತೆ ಕೂತ. ನಾಳೆ ನೀವೇ ಬಂದು ಕಾಲು ಹಿಡೀತೀರಿ ಎಂದು ಮಗಳಿಗೆ ಹೇಳಿದನೋ ನನಗೋ, ಹೇಳಿ ಗಾಡಿ ತಿರುಗಿಸಿದ. ಮಂಜಿನಲ್ಲಿ ಸದ್ದು ಬಹಳ ಹೊತ್ತು ಕೇಳಿಸಿತು.

ಮಗಳು ಬ್ಯಾಗನ್ನು ಒಳಗೆ ತಂದಿಟ್ಟಳು, ಬಿಚ್ಚಲಿಲ್ಲ. ಪಂಚೆ ಮಡಚಿ ಪೆಟ್ಟಿಗೆಗೆ ಹಾಕಿದಳು. ಆ ದಿನವೆಲ್ಲ ಉಣ್ಣಲಿಲ್ಲ, ಅಳಲಿಲ್ಲ. ಕೇಳಿದ್ದು ಒಂದೇ ಮಾತು.

"ಶೂ ಬಿಚ್ಚೋಕೆ ಎಷ್ಟು ಹೊತ್ತಾಗ್ತಿತ್ತಮ್ಮಾ?"

"ಸ್ವಲ್ಪ ಹೊತ್ತು," ಅಂದೆ.

ನಾನು ಆರು ತಿಂಗಳು ಬೇಡಿಕೊಂಡದ್ದೇ ಆಗಿತ್ತು. ಆದರೂ ಹೊಟ್ಟೆಯೊಳಗೆ ತಣ್ಣಗಾಗಲಿಲ್ಲ. ಅವನು ಮತ್ತೆ ಬರಬಹುದು. ಇವಳೇ ಬ್ಯಾಗು ಹಿಡಿದು ಬಸ್ಸು ಹತ್ತಬಹುದು. ಅವನು ಶೂ ಬಿಚ್ಚಿ ಒಳಗೆ ಬಂದಿದ್ದರೆ ಇವಳು ಹೋಗಿಯೇ ಹೋಗುತ್ತಿದ್ದಳು ಎಂಬುದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಮರುದಿನ ಬೆಳಿಗ್ಗೆ ಎದ್ದಾಗ ಬ್ಯಾಗು ಇದ್ದಲ್ಲೇ ಇತ್ತು. ಮಗಳು ಗೋಡೆಗೆ ಮುಖ ಹಾಕಿ ಮಲಗಿದ್ದಳು. ಎಬ್ಬಿಸಲಿಲ್ಲ. ಹುಳುವಿನ ಕೋಣೆಗೆ ಸುಣ್ಣ ಬಳಿಯುವುದು ಬಾಕಿ ಇತ್ತು, ಬಳಿಯದೆ ಹೊಸ ಮರಿಹುಳು ತರುವ ಹಾಗಿಲ್ಲ. ಬಕೀಟಿನಲ್ಲಿ ಸುಣ್ಣ ಕದಡಿದೆ. ಅಂಗಳದಲ್ಲಿ ಇಬ್ಬನಿಗೆ ನೆಂದು ಬಿದ್ದಿದ್ದ ಹ್ಯಾಂಗರನ್ನು ಎತ್ತಿ, ಸುತ್ತಿದ್ದ ಸೀರೆ ಬಿಚ್ಚಿ, ಅದನ್ನು ಕೋಲಿನ ತುದಿಗೆ ಕಟ್ಟಿ ಕುಂಚ ಮಾಡಿಕೊಂಡೆ. ನಡುಮನೆಯಿಂದ ಶುರುಮಾಡಿದೆ. ಗೂಟದ ಕೆಳಗೆ ಗೋಡೆಯ ಮೇಲೆ ಎರಡು ಭುಜದ ಅಗಲಕ್ಕೆ ಕಪ್ಪು ಜಿಡ್ಡು ಹಿಡಿದಿತ್ತು. ಒಂದು ಸಲ ಬಳಿದರೂ ಕಾಣುತ್ತಿತ್ತು. ಆರಲು ಬಿಟ್ಟು, ಅದರ ಮೇಲೆ ಇನ್ನೊಂದು ಸಲ ಬಳಿದೆ.